ಜೀನು ತಂಗಿಗೆ, ಕಾಯಿಲೆ ನನಗೆ

ನನ್ನ ಕಾಯಿಲೆಯ ಹೆಸರು ನಮ್ಮ ನೆಂಟರಲ್ಲಿ ಯಾರ ಬಾಯಿಗೂ ಬರುವುದಿಲ್ಲ. ಸಕ್ಕರೆ ಕಾಯಿಲೆ, ಬಿ.ಪಿ., ಥೈರಾಯ್ಡ್ ಎಂದರೆ ಪಕ್ಕದಲ್ಲಿ ಕೂತು ಗಂಟೆಗಟ್ಟಲೆ ಮಾತಾಡುತ್ತಾರೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರೆ ನನ್ನ ಮುಖ ನೋಡುತ್ತಾರೆ. ಆಮೇಲೆ ತಾವೇ ಅದಕ್ಕೆ ‘ನರದ ವೀಕ್‌ನೆಸ್ಸು’ ಎಂದು ನಾಮಕರಣ ಮಾಡಿ, ಬಾದಾಮಿ ನೆನೆಸಿ ತಿನ್ನು ಎಂದು ಹೇಳಿ ಎದ್ದು ಹೋಗುತ್ತಾರೆ. ಈಗ ನನಗೆ ಬಾದಾಮಿ ಕಂಡರೆ ಮೈ ಉರಿಯುತ್ತದೆ.

ನಾನು ಪೀಣ್ಯದ ಒಂದು ವಾಲ್ವ್ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಒಂದು ಬೆಳಿಗ್ಗೆ ಕೈಯಲ್ಲಿದ್ದ ಪೀಸು ಬಲಗಣ್ಣಿಗೆ ಮಂಜು ಮಂಜಾಗಿ ಕಂಡಿತು. ಕನ್ನಡಕ ಬದಲಾಯಿಸಿದೆ. ಕೆಲವು ತಿಂಗಳ ನಂತರ ಎಡಗಾಲು ಜೋಮು ಹಿಡಿದು, ಬಿಡಲೇ ಇಲ್ಲ. ಸ್ಕ್ಯಾನ್ ಆದ ಮೇಲೆ ಡಾಕ್ಟರಮ್ಮ ಕೂರಿಸಿಕೊಂಡು ವಿವರಿಸಿದರು. ಮೈಯನ್ನು ಕಾಯಬೇಕಾದ ಕಣಗಳೇ ದಾರಿ ತಪ್ಪಿ, ನನ್ನ ನರಗಳ ಮೇಲಿನ ಪದರವನ್ನು ಕಿತ್ತು ತಿನ್ನುತ್ತಿವೆಯಂತೆ. ನನ್ನ ಗಂಡ ದಾಸರಹಳ್ಳಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟವರು. ಅವರಿಗೆ ತಕ್ಷಣ ಅರ್ಥವಾಯಿತು. “ವೈರ್ ಮೇಲಿನ ಇನ್ಸುಲೇಷನ್ ಹೋದಂಗೆ ಅಲ್ವಾ ಮೇಡಂ?” ಎಂದು ಕೇಳಿದರು. ಡಾಕ್ಟರಮ್ಮ ಹೌದೆಂದರು.

“ನನಗೇ ಯಾಕೆ ಬಂತು?” ಎಂದು ನಾನು ಕೇಳಿದೆ. ಅದಕ್ಕೆ ಅವರು ಜೀನುಗಳ ವಿಷಯ ತೆಗೆದರು. ರೋಗನಿರೋಧಕ ಶಕ್ತಿಗೆ ಸೇರಿದ ಕೆಲವು ಜೀನುಗಳಿವೆ. ಒಳಗೆ ನುಗ್ಗಿದ ವೈರಾಣುವಿನ ಚೂರನ್ನು ಎತ್ತಿ ಹಿಡಿದು, ಕಾವಲು ಕಣಗಳಿಗೆ ‘ಇವನೇ ಕಳ್ಳ, ಹಿಡಿ’ ಎಂದು ತೋರಿಸುವ ಏರ್ಪಾಟು ಅವುಗಳದ್ದು. ಅವುಗಳಲ್ಲಿ ಒಂದರ ಒಂದು ಬಗೆ ಇದ್ದವರಲ್ಲಿ, ಕಾವಲಿನವರು ಸ್ವಂತ ನರವನ್ನೇ ಕಳ್ಳನೆಂದು ತಿಳಿಯುವ ಸಾಧ್ಯತೆ ಒಂದಿಷ್ಟು ಹೆಚ್ಚು. ಆದರೆ ಅದೊಂದರಿಂದಲೇ ಕಾಯಿಲೆ ಬರುವುದಿಲ್ಲ. ಹೆಚ್ಚಿನವರಿಗೆ ಎಂದಾದರೂ ತಗಲುವ ಒಂದು ವೈರಸ್, ಮೈಗೆ ಬೀಳದ ಬಿಸಿಲು, ಸಿಗರೇಟಿನ ಹೊಗೆ, ಇನ್ನೂ ಹತ್ತಾರು ಚಿಲ್ಲರೆ ಜೀನುಗಳು ಹೇಗೋ ಒಟ್ಟುಗೂಡಬೇಕು. “ಆ ಜೀನ್ ಇರೋರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನ ಆರಾಮಾಗೇ ಇರ್ತಾರೆ. ಇಲ್ದೇ ಇರೋರಿಗೂ ಕಾಯಿಲೆ ಬರತ್ತೆ. ಟೆಸ್ಟ್ ಗಿಸ್ಟ್ ಅಂತ ಹೋಗ್ಬೇಡಿ,” ಎಂದರು.

ಈ ಮಾತನ್ನು ಬಾಗಲಗುಂಟೆಯ ನಮ್ಮ ಮನೆಗೆ ತಂದು, ಅಪ್ಪ ಹೋದ ಮೇಲೆ ನಮ್ಮ ಜೊತೆಗೇ ಇರುವ ಅಮ್ಮನಿಗೆ ಬಿಡಿಸಿ ಹೇಳಿದೆ. ನಮ್ಮ ಮನೆಯಲ್ಲಿ ಜೀನ್ ಎಂದರೆ ವಂಶ, ವಂಶ ಎಂದರೆ ಜಗಳ. ಅಪ್ಪನ ಕಡೆಯಿಂದ ಬಂದಿದ್ದೋ ಅಮ್ಮನ ಕಡೆಯಿಂದಲೋ ಎಂದು ಪಂಚಾಯಿತಿ ಶುರುವಾಯಿತು. ಅಮ್ಮ ಮದುವೆಯಾಗಿದ್ದು ಸ್ವಂತ ಸೋದರಮಾವನನ್ನು. ನಮ್ಮ ಅಜ್ಜಿ, ಅಂದರೆ ಅಮ್ಮನ ಅಮ್ಮ, ನಮ್ಮಪ್ಪನ ಒಡಹುಟ್ಟಿದ ಅಕ್ಕ. ಎರಡು ಕಡೆ ಎಲ್ಲಿಂದ ತರುವುದು! ಆದರೂ ಅಮ್ಮ ಬಿಡಲಿಲ್ಲ. “ನಮ್ ಕಡೆ ಯಾರ್ಗೂ ಇಂಗಿರ್ಲಿಲ್ಲ ಕಣವ್ವ, ಅವ್ರ್ ಕಡೇದೇ ಇರ್ಬೇಕು,” ಎಂದು ಗೋಡೆಯ ಮೇಲಿದ್ದ ಅಪ್ಪನ ಫೋಟೋ ಕಡೆ ಕೈ ತೋರಿಸಿದಳು. ಆ ಮಾತು ಮುಗಿದ ಮೇಲೆ ಸಂಬಂಧದಲ್ಲೇ ಮದುವೆಯಾದದ್ದರಿಂದ ಹೀಗಾಯಿತು ಎಂದು ಇನ್ನೊಂದು ರಾಗ. ಈ ಕಾಯಿಲೆಯ ದಾರಿ ಅದಲ್ಲ ಎಂದು ಡಾಕ್ಟರಮ್ಮ ಹೇಳಿದ್ದನ್ನು ನಾನು ಎಷ್ಟು ಸಲ ಹೇಳಿದರೂ ಗೋಡೆಗೆ ಹೇಳಿದ ಹಾಗಾಯಿತು.

ನನ್ನ ತಂಗಿಯಾದರೂ ಓದಿದವಳು, ತಿಳಿದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿದ್ದಾಳೆ. ವಾರವೆಲ್ಲ ಅಲ್ಲೇ ಪಿ.ಜಿ.ಯಲ್ಲಿದ್ದು ಶನಿವಾರ ಮನೆಗೆ ಬರುತ್ತಾಳೆ. ಆಫೀಸಿನ ಹುಡುಗನೊಬ್ಬನನ್ನು ಮೆಚ್ಚಿದ್ದಳು. ಎರಡೂ ಮನೆಯವರು ಒಪ್ಪಿ, ಛತ್ರ ಹುಡುಕುತ್ತಿದ್ದೆವು. ಆಗಲೇ ಅವಳ ಕಂಪನಿಯಲ್ಲಿ ಆರೋಗ್ಯ ಶಿಬಿರ ಮಾಡಿ, ಎಂಜಲಿನಲ್ಲೇ ಜೀನ್ ನೋಡುವ ಕೊಳವೆಗಳನ್ನು ಹಂಚಿದರು. ಇವಳು ಎರಡು ತಂದಳು. ಬೇಡ ಎಂದೆ. “ಸುಮ್ನೆ ಉಗಿ ಅಕ್ಕ, ಏನಾಗತ್ತೆ?” ಎಂದಳು. ಡಾಕ್ಟರಮ್ಮನ ಮಾತು ನೆನಪಿದ್ದೂ ಅವಳ ಕಾಟ ತಡೆಯಲಾರದೆ ಉಗಿದೆ.

ಫಲಿತಾಂಶ ಬಂತು. ಆ ಜೀನು ತಂಗಿಯಲ್ಲಿ ಇದೆ. ಕಾಯಿಲೆಯವಳಾದ ನನ್ನಲ್ಲಿ ಇಲ್ಲ.

ಅಮ್ಮ ಸಂಜೆಯೇ ನನ್ನ ಹೆಸರಿನಲ್ಲಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. “ನಿಂಗದು ಇಲ್ವಂತಲ್ಲ, ಇನ್ಯಾಕವ್ವ ಆ ಮಾತ್ರೆ? ಡಾಕ್ಟ್ರು ಏನೋ ತಪ್ ತಿಳ್ಕೊಂಡವ್ರೆ,” ಎಂದಳು. ಜೋಮು ಹಿಡಿದ ಕಾಲನ್ನು ಅವಳ ಮುಂದೆ ಚಾಚಿ, ಇದನ್ನೂ ತಪ್ಪು ತಿಳಿದುಕೊಂಡಿದ್ದಾರಾ ಎಂದು ಕಿರುಚಿದೆ. ನಮ್ಮ ಕಾರ್ಖಾನೆಯಲ್ಲಿ ಒಂದು ಗೇಜ್ ಇದೆ. ಅದರ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಹಾಗಾದರೆ ಪೀಸು ಪಾಸು, ಇಲ್ಲವಾದರೆ ರಿಜೆಕ್ಟು. ಮನೆಯವರೆಲ್ಲ ಆ ಜೀನನ್ನು ಇಂಥದ್ದೇ ಗೇಜು ಎಂದುಕೊಂಡು, ನನ್ನನ್ನು ಪಾಸು ಮಾಡಿ ತಂಗಿಯನ್ನು ರಿಜೆಕ್ಟ್ ಮಾಡಿದ್ದರು. ನನಗೆ ಸಿಟ್ಟು ತಡೆಯಲಾಗಲಿಲ್ಲ.

ಮುಂದಿನ ವಾರ ತಂಗಿ ಮದುವೆ ಬೇಡವೆಂದಳು. ಹುಡುಗ ಮದುವೆ ಮುರಿಯಲು ಒಪ್ಪಲಿಲ್ಲ. ಅವನ ತಾಯಿ ನನಗೇ ಫೋನ್ ಮಾಡಿ, “ನಮಗೇನೂ ಅಭ್ಯಂತರ ಇಲ್ಲಮ್ಮ, ನೀವಾದ್ರೂ ಅವಳಿಗೆ ಹೇಳಿ,” ಎಂದರು. ನಾಳೆಯೇ ಹೋಗಿ ಮಾತಾಡುತ್ತೇನೆ ಎಂದೆ.

ದಾಸರಹಳ್ಳಿಯಲ್ಲಿ ಮೆಟ್ರೊ ಹತ್ತಿದೆ. ಸೆಖೆಯ ದಿನ. ಸೆಖೆಯಾದರೆ ನನ್ನ ಕಾಲು ಇನ್ನೂ ಸೋಲುತ್ತದೆ. ಅಂಗವಿಕಲರ ಸೀಟಿನಲ್ಲಿ ಕೂತಿದ್ದಕ್ಕೆ ಒಬ್ಬರು, “ನೋಡೋಕೆ ಚೆನ್ನಾಗೇ ಇದೀರಲ್ಲ ಮೇಡಂ,” ಎಂದರು. ಅವರಿಗೆ ಸ್ಕ್ಯಾನ್ ತೋರಿಸಲೇ? ಕಿಟಕಿ ಕಡೆ ತಿರುಗಿದೆ. ಹಳದಿ ಮಾರ್ಗಕ್ಕೆ ಬದಲಾಯಿಸಿ ಎಲೆಕ್ಟ್ರಾನಿಕ್ ಸಿಟಿಗೆ ಇಳಿಯುವ ಹೊತ್ತಿಗೆ ಹೇಳಬೇಕಾದ್ದೆಲ್ಲ ಬಾಯಿಪಾಠವಾಗಿತ್ತು.

ಪಿ.ಜಿ. ಪಕ್ಕದ ದರ್ಶಿನಿಯಲ್ಲಿ ಅವಳನ್ನು ಕೂರಿಸಿ ಎಲ್ಲ ಹೇಳಿದೆ. ಜೀನು ಇದ್ದ ಮಾತ್ರಕ್ಕೆ ಕಾಯಿಲೆಯಲ್ಲ ಎಂದೆ. ಈ ಹೋಟೆಲಿನಲ್ಲಿ ಕೂತವರಲ್ಲೇ ಯಾರಿಗೋ ಅದು ಇರಬಹುದು, ಅವರಿಗೆ ಗೊತ್ತೂ ಇಲ್ಲ, ವಡೆ ತಿನ್ನುತ್ತಿದ್ದಾರೆ ಎಂದೆ. ಅವಳು ಕಾಫಿ ಮುಟ್ಟದೆ ಕೇಳಿಸಿಕೊಂಡಳು.

“ನಿಂಗೆ ನನಗಿಂತ ಚಾನ್ಸ್ ಕಮ್ಮಿ ಇತ್ತಲ್ಲ ಅಕ್ಕ. ಬಂತಲ್ಲ,” ಎಂದಳು.

ನನಗೆ ಸಿಟ್ಟು ಬಂತು. “ಬಂತು ಅಂದ್ಕೋ. ಬಂದ್ರೆ ಏನೀಗ? ನಾನು ಬದುಕ್ತಿಲ್ವಾ? ಕೆಲಸಕ್ಕೆ ಹೋಗ್ತಿಲ್ವಾ? ನಿಮ್ ಭಾವನ್ನ ನೋಡು. ಗೊತ್ತಾದ ಮೇಲೆ ಬಿಟ್ಟು ಹೋದ್ರಾ? ಇಷ್ಟು ವರ್ಷದಲ್ಲಿ ಒಂದು ಮಾತು ಅಂದಿದಾರಾ ನಂಗೆ?” ಎಂದೆ. ನನ್ನ ದನಿ ಎತ್ತರವಾಗಿತ್ತು. ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು.

“ಅಂದಿಲ್ಲ,” ಎಂದಳು ಮೆಲ್ಲಗೆ. “ಆದ್ರೆ ಸ್ನಾನ ಮಾಡ್ಕೊಂಡು ಗೋಡೆ ಹಿಡ್ಕೊಂಡು ಈಚೆ ಬರ್ತೀಯಲ್ಲ ನೀನು, ಭಾವ ಅಲ್ಲೇ ಕುರ್ಚಿ ಮೇಲೆ ಕೂತಿರ್ತಾರೆ. ಕಾಲು ಮಡಚ್ಕೊಂಡು ನಿಂಗೆ ದಾರಿ ಬಿಡ್ತಾರೆ. ಎದ್ದು ಬಂದು ಕೈ ಹಿಡ್ಕೊಂಡಿದ್ದು ನಾನು ಒಂದ್ಸಲಾನೂ ನೋಡಿಲ್ಲ ಅಕ್ಕ.”

ನಾನು ಆರಿಹೋದ ಕಾಫಿಯನ್ನು ಅವಳ ಕಡೆ ಸರಿಸಿದೆ.

“ಇವನು ತುಂಬಾ ಒಳ್ಳೆಯವ್ನು,” ಎಂದಳು. ಅವಳ ಕಣ್ಣು ತುಂಬಿತ್ತು. “ಭಾವನೂ ಒಳ್ಳೆಯವ್ರೇ ಅಲ್ವಾ?”

ಜೀನಿನ ಬಗ್ಗೆ, ವೈರಸ್ಸಿನ ಬಗ್ಗೆ, ಬಿಸಿಲಿನ ಬಗ್ಗೆ ಅವಳು ಏನು ಕೇಳಿದ್ದರೂ ನಾನು ಹೇಳುತ್ತಿದ್ದೆ. ಅವರು ಕಾಲು ಮಡಚಿ ದಾರಿ ಬಿಡುವುದು ನನಗೆ ಗೊತ್ತಿಲ್ಲದ್ದೇನಲ್ಲ. ಅದು ಇನ್ನೊಬ್ಬರ ಕಣ್ಣಿಗೂ ಬೀಳುತ್ತಿದೆ ಎಂದು ನಾನು ಅಂದುಕೊಂಡಿರಲಿಲ್ಲ.