ಸುಜಾತ ರುಚಿ ನೋಡಿದ ರಾಗಿ ಬಿಯರು

ಮೊದಲ ಸಲ ಹಿಂದೂಪುರದಲ್ಲಿ ಬಸ್ಸಿಳಿದು ಮೆಣಸಿನಕಾಯಿ ಮಂಡಿಯ ಮುಂದೆ ಹಾದಾಗ ಕಣ್ಣಿಂದ ನೀರು ಇಳಿಯಿತು. ಗಂಟಲು ಉರಿಯಿತು, ಸೀನು ಬಂತು. ವಾಸನೆ ಮಾತ್ರ ಇಲ್ಲ. ಅದಕ್ಕೂ ಕೆಲವು ತಿಂಗಳ ಹಿಂದೆ ಬಂದ ಜ್ವರ ಹೋಗುವಾಗ ನನ್ನ ಮೂಗನ್ನೂ ಒಯ್ದಿತ್ತು. ಈಗ ವರ್ಷಗಳಿಂದ ಈ ಊರಿನಲ್ಲಿದ್ದೇನೆ. ಇದರ ವಾಸನೆ ಹೇಗಿದೆ ಎಂದು ನನಗೆ ಇನ್ನೂ ಗೊತ್ತಿಲ್ಲ.

ನಾನು ಅಂಕೋಲೆಯವನು. ಬೆಂಗಳೂರಿನ ಹೋಟೆಲೊಂದರಲ್ಲಿ ಬಿಯರು ತಯಾರಿಸುತ್ತಿದ್ದೆ. ವಾಸನೆ ತಿಳಿಯದವನಿಗೆ ಅಲ್ಲಿ ಕೆಲಸವಿಲ್ಲ. ನನ್ನ ಹೆಂಡತಿ ಸುಜಾತ ಆಂಧ್ರದ ಕಲ್ಯಾಣದುರ್ಗದವಳು. ಅವಳಿಗೆ ಹಿಂದೂಪುರದ ಶಾಲೆಯಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. ಅವಳ ಬೆನ್ನಿಗೆ ನಾನೂ ಬಂದೆ. ನಮ್ಮಲ್ಲಿ ಊಟವೆಂದರೆ ಮೀನು, ತೆಂಗು. ಇಲ್ಲಿ ಮುದ್ದೆ, ಅದಕ್ಕೆ ಊರುಬಿಂಡಿ, ಎಂದರೆ ಹುರಿದ ಶೇಂಗಾ ಮತ್ತು ಮೆಣಸಿನಕಾಯಿ ಕುಟ್ಟಿದ ಚಟ್ನಿ. ನನಗೆ ಎರಡೂ ಬರೀ ಉಪ್ಪು, ಖಾರ. ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ ಬರುತ್ತಿತ್ತು. ತೆಲುಗಿನಲ್ಲಿ ತಡವರಿಸಿದರೆ ನಗುತ್ತ ಕನ್ನಡದಲ್ಲಿ ಹೇಳುತ್ತಿದ್ದರು. ಬಹಳ ದಿನ ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿಯೇ ಇದ್ದೆ.

ಒಂದು ದಿನ ಸುಜಾತ ರಾಗಿ ತಂದು ನೆನೆಹಾಕಿದಳು. "ಮೊಳಕೆ ಬರಿಸಿ ಬಿಯರು ಮಾಡು, ಮನೆಗಷ್ಟೇ. ಮೂಗು ನನ್ನದು," ಎಂದಳು.

ಮಹಡಿಯ ಮೇಲೆ ಮೊಳಕೆ ಒಣಗಿಸಿದೆ. ಒಮ್ಮೆ ಬೆಲ್ಲ, ಒಮ್ಮೆ ಹುಣಸೆ, ಇನ್ನೊಮ್ಮೆ ಹುರಿದ ಕೊರಲೆ ಎಂಬ ಸಿರಿಧಾನ್ಯ ಸೇರಿಸಿ ನೋಡಿದೆ. ಸಿಹಿ, ಹುಳಿ, ಕಹಿ ನನ್ನ ನಾಲಿಗೆಗೇ ಸಿಗುತ್ತಿದ್ದವು. ಉಳಿದದ್ದನ್ನು ಅವಳು ಹೇಳಬೇಕು. ಲೋಟ ಮೂಗಿನ ಬಳಿ ಹಿಡಿದು ಕಣ್ಣು ಮುಚ್ಚಿ, "ಬಾಗುಂದಿ," ಅನ್ನುತ್ತಿದ್ದಳು. ಚೆನ್ನಾಗಿದೆ ಎಂದರ್ಥ. ನಾನು ಕಲಿತ ಮೊದಲ ತೆಲುಗು ಮಾತು ಅದೇ. "ಸುಟ್ಟ ಬೆಲ್ಲದ ಘಮ ಐತೆ. ಹೊಸ ರೊಟ್ಟಿ ಇದ್ದಂಗೈತೆ." ಆ ಮಾತು ಕೇಳಲೆಂದೇ ನಾನು ಬೆಳಿಗ್ಗೆ ಏಳುತ್ತಿದ್ದೆ.

ಯುಗಾದಿಯ ಮಾರನೇ ದಿನ ಎರಡು ಬಾಟಲಿಗಳನ್ನು ಟವಲಿನಲ್ಲಿ ಸುತ್ತಿಕೊಂಡು ಕಲ್ಯಾಣದುರ್ಗಕ್ಕೆ ಹೋದೆವು. ಸುಜಾತಳ ಸೋದರಮಾವ ತಿಪ್ಪೇಸ್ವಾಮಿ ಬಸ್ ಕಂಡಕ್ಟರಾಗಿದ್ದವರು, ದೊಡ್ಡ ದನಿ. ಬಾಟಲಿ ಬೇಡವೆಂದು ಸುಜಾತ ಹೊರಡುವಾಗಲೇ ತಡೆದಿದ್ದಳು. ನಾನು ಕೇಳಿರಲಿಲ್ಲ.

ಊಟಕ್ಕೆ ಮುಂಚೆ ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಟ್ಟೆ. ಮಾವ ಮೂಸಿದರು, ಒಂದು ಗುಟುಕು ಕುಡಿದರು, ಎದ್ದು ಅಂಗಳಕ್ಕೆ ಹೋಗಿ ಉಗಿದರು.

"ಏನಯ್ಯಾ ಅಲ್ಲುಡು, ಅಳಿಯಪ್ಪಾ, ಇದರಾಗೆ ಔಷಧಿ ಬಿದ್ಬುಟ್ಟೈತೇನೋ ನೋಡು! ಗಾಯಕ್ಕೆ ಕಟ್ಟೋ ಪಟ್ಟಿ ಇರ್ತದಲ್ಲಾ, ಅಂಗೇ ನಾರ್ತೈತೆ ಕಣಪ್ಪ."

ಬಿಯರು ಮಾಡುವವರು ಮೊದಲು ಗುರುತಿಸಲು ಕಲಿಯುವ ಹಾಳು ವಾಸನೆ ಅದು. ಎಲ್ಲೋ ಸರಿಯಾಗಿ ತೊಳೆದಿಲ್ಲ, ಕ್ರಿಮಿ ಸೇರಿದೆ ಎಂದರ್ಥ. ಸುಜಾತಳ ಕಡೆ ತಿರುಗಿದೆ. ಅವಳು ಮಾವನಿಗೆ ಕಣ್ಣಿನಲ್ಲೇ ಸುಮ್ಮನಿರಲು ಹೇಳುತ್ತಿದ್ದಳು.

ವಾಪಸ್ ಬಸ್ಸಿನಲ್ಲಿ ಕೇಳಿದೆ, "ಇದೊಂದೇನಾ ಕೆಟ್ಟಿದ್ದು?"

ಅವಳು ಕಿಟಕಿಯ ಕಂಬಿ ಹಿಡಿದು ಕೂತಿದ್ದಳು. "ಎಲ್ಲಾನೂ."

"ಮೊದಲನೇದು?"

"ಅದೂ. ಅವತ್ತು ಹೇಳಾಣ ಅಂತಲೇ ಇದ್ದೆ. ಆದ್ರೆ ನೀನು ಗಡ್ಡ ಬೋಳಿಸ್ಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಲೋಟ ಹಿಡಕೊಂಡು ನಿಂತಿದ್ದೆ. ಎಷ್ಟು ದಿನ ಆಗಿತ್ತು ನಿನ್ನ ಅಂಗೆ ನೋಡಿ! ಬಾಯಿಗೆ ಬರಲಿಲ್ಲ."

"ಆ ಸುಟ್ಟ ಬೆಲ್ಲದ ಘಮ?"

"ನೀನು ಮೊದ್ಲು ಮಾಡ್ತಿದ್ದ ಬಿಯರಿಂದು. ಅದನ್ನೇ ನೆನಸ್ಕೊಂಡು ಹೇಳ್ತಿದ್ದೆ."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನ ಎದುರು ಅಷ್ಟನ್ನೂ ಮುಖ ಕಿವುಚದೆ ನುಂಗಿದ್ದಳಲ್ಲ ಎಂದು ಅಳು ಬಂತು. ಕಂಬದೂರಿನಲ್ಲಿ ಹತ್ತಿ ಪಕ್ಕದ ಸೀಟಿನಲ್ಲಿ ಕೂತಿದ್ದ ಹೆಂಗಸು, "ಏನಾಯ್ತು ಕಣಮ್ಮ ಇವರಿಗೆ?" ಎಂದಳು. ಸುಜಾತ, "ಧೂಳು," ಎಂದಳು.

ಆಮೇಲೆ ಪಾತ್ರೆಗಳನ್ನೆಲ್ಲ ಕುದಿನೀರಿನಲ್ಲಿ ತೊಳೆದು ಇನ್ನೊಮ್ಮೆ ಮಾಡಿದೆ. ನಿಜ ಹೇಳೆಂದು ಆಣೆ ಹಾಕಿಸಿದೆ. ಅವಳು ಕುಡಿದು ನೋಡಿ, "ಕೆಟ್ಟಿಲ್ಲ. ಆದ್ರೆ ಏನೂ ಇಲ್ಲ, ನೀರು ಇದ್ದಂಗೈತೆ," ಎಂದಳು. ಇಬ್ಬರೂ ಸೇರಿ ಬಚ್ಚಲಿಗೆ ಚೆಲ್ಲಿದೆವು. ಮತ್ತೆ ನಾನು ರಾಗಿ ನೆನೆಹಾಕಲಿಲ್ಲ. ಬೆಲ್ಲದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಈಗ ತೆಲುಗಿನಲ್ಲಿ ಜಗಳವಾಡಬಲ್ಲೆ.

ಈ ಬೇಸಿಗೆ ಅಂಕೋಲೆಗೆ ಹೋಗಿದ್ದೆ. ಅಣ್ಣ ಕರಿ ಈಶಾಡ್ ಮಾವು ಕೊಯ್ದುಕೊಟ್ಟ. ಬಾಲ್ಯದಲ್ಲಿ ಆ ಹಣ್ಣಿನ ಪರಿಮಳಕ್ಕೇ ನಮಗೆ ಎಚ್ಚರವಾಗುತ್ತಿತ್ತು. ಈಗ ಬರೀ ಸಿಹಿ. ಅತ್ತಿಗೆ, "ನಿನ್ನ ಮಾತೆಲ್ಲ ಆಂಧ್ರದವರ ಹಾಗಾಯ್ತಲ್ಲ," ಎಂದು ನಕ್ಕಳು. ಪಕ್ಕದ ಬೇಲೇಕೇರಿಯ ಐಸ್ ಕಾರ್ಖಾನೆಯಲ್ಲಿ ಕೆಲಸವಿದೆ, ಬಂದುಬಿಡು ಎಂದ ಅಣ್ಣ.

ಹಿಂದಿರುಗಿ ಸುಜಾತಳಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು.

"ಹೋಗು. ನಿನ್ನ ಜನ ಅವ್ರೆ, ನಿನ್ನ ಸಮುದ್ರ ಐತೆ. ರಜಾ ಸಿಕ್ಕಾಗ ನಾನೇ ಬತ್ತೀನಿ. ನಂಗೇನಾಗಲ್ಲ."

ಅದೇ ಗಣಿತದ ಟೀಚರಿನ ದನಿ, ನೆಟ್ಟ ನೋಟ. ಅವಳ ಮುಖವನ್ನು ಬಹಳ ಹೊತ್ತು ನೋಡಿದೆ. ನಿಜ ಹೇಳುತ್ತಿದ್ದಾಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಅಣ್ಣನಿಗೆ ಇನ್ನೂ ಉತ್ತರ ಕೊಟ್ಟಿಲ್ಲ.