ಅತ್ತೆ ಬಣ್ಣ, ತಾಯಿ ಬಣ್ಣ

ನಮ್ಮ ಬೀದಿಯ ಪೇಂಟರ್ ಗೋಡೆ ಕಂಡರೆ ಸುಮ್ಮನಿರುವ ಆಸಾಮಿಯಲ್ಲ. ಕರೆಯದಿದ್ದರೂ ಒಳಗೆ ಬಂದು, ಉಗುರಿನಿಂದ ಒಂದು ಹಕ್ಕಳೆ ಕೆರೆದು, "ಯಾವ ಪುಣ್ಯಾತ್ಮ ಬಳಿದದ್ದು ಇದನ್ನ?" ಎಂದು ಕೇಳುತ್ತಾನೆ, ಬಳಿದವನು ಅವನೇ ಆಗಿರುತ್ತಾನೆ. ಕೆಲಸ ಒಪ್ಪಿದನೆಂದರೆ ಗೋಡೆಯ ಮೇಲೆ ಒಂದು ತಿಳಿ ಪಟ್ಟಿ, ಪಕ್ಕದಲ್ಲೊಂದು ಗಾಢ ಪಟ್ಟಿ ಎಳೆದು, ಮನೆಯವರನ್ನೆಲ್ಲ ಎದುರು ಕೂರಿಸಿ ಪಾಠ ಶುರುಮಾಡುತ್ತಿದ್ದ: "ನೋಡಿಮ್ಮಾ, ತಿಳಿ ಬಣ್ಣ ಅತ್ತೆ ಇದ್ದ ಹಾಗೆ, ಸಣ್ಣ ಕೊಳೇನೂ ಎತ್ತಿ ಆಡುತ್ತೆ. ಗಾಢ ಬಣ್ಣ ತಾಯಿ ಇದ್ದ ಹಾಗೆ, ಏನಿದ್ರೂ ಹೊಟ್ಟೆಗೆ ಹಾಕ್ಕೊಳ್ಳುತ್ತೆ." ಹೀಗೆ ಹೇಳಿ ಹೇಳಿಯೇ ಊರಿಗೆಲ್ಲ ಗಾಢ ಬಣ್ಣ ಹಚ್ಚಿದವನು, ಈಗ ಯಾರಾದರೂ ಅದನ್ನು ಕೇಳಿದರೆ ಸಿಡುಕುತ್ತಾನೆ: "ಬೇಡ, ಅತ್ತೇನೇ ಇರ್ಲಿ." ಹಾಸಿಗೆ ಹಿಡಿದ ಹೆಂಡತಿ ಒರಗಿ ಒರಗಿ ಅವನ ಮನೆಯ ತಿಳಿ ಗೋಡೆಯಲ್ಲಿ ತಲೆಯೆಣ್ಣೆಯ ಕಲೆ ಕೂತಿತ್ತು. ಪೇಂಟರ್ ಮನೆಯಲ್ಲೇ ಇಂಥ ಗೋಡೆಯೇ ಎಂದು ನಾಚಿ, ಅವಳು ಆಸ್ಪತ್ರೆ ಸೇರಿದ ವಾರ ಅದರ ಮೇಲೆ ಗಾಢ ನೀಲಿ ಬಳಿದ. ಅವಳು ವಾಪಸು ಬರಲಿಲ್ಲ. ಈಗ ಸಂಜೆ ಹೋದರೆ ಉಪ್ಪುಕಾಗದ ಹಿಡಿದು ಆ ಗೋಡೆಯೆದುರು ನಿಂತಿರುತ್ತಾನೆ. ಉಜ್ಜಲು ಮಾತ್ರ ಕೈ ಬರುವುದಿಲ್ಲ. "ನೀಲಿ ಜೊತೆ ಆ ಎಣ್ಣೆ ಕಲೇನೂ ಕಿತ್ಕೊಂಡು ಬಂದ್ಬಿಟ್ರೆ?" ಎನ್ನುತ್ತಾನೆ.