ಕೆಂಪು ದೀಪ ಮತ್ತು ಕಮಲಕ್ಕ

ನಮ್ಮ ಮನೆಯಲ್ಲಿ ಯಾವ ಯಂತ್ರ ಕೆಟ್ಟರೂ ಮೊದಲು ಕೈಹಾಕುವವನು ನಾನು. ಅದು ಪೂರ್ತಿ ಕೆಡುವುದು ಆಮೇಲೆ. ಇತಿಹಾಸ ಕಲಿಸಿ ನಿವೃತ್ತನಾದವನಿಗೆ ಈ ಧೈರ್ಯ ಎಲ್ಲಿಂದ ಬಂತೋ. ಸತ್ತ ರಾಜರ ತಪ್ಪುಗಳನ್ನು ಮೂವತ್ತು ವರ್ಷ ಎತ್ತಿ ತೋರಿಸಿದೆ. ಅವರಲ್ಲಿ ಒಬ್ಬರೂ ಎದುರು ಮಾತಾಡಲಿಲ್ಲ. ಅದರಿಂದಲೇ ಇರಬೇಕು.

ಕಳೆದ ಮಳೆಗಾಲದ ಒಂದು ಗುರುವಾರ ನನ್ನ ಹೆಂಡತಿ ಸುನಂದಾಳ ಪಿಎಚ್‌ಡಿ ಮೌಖಿಕ ಪರೀಕ್ಷೆ ಇತ್ತು. ಹೈಸ್ಕೂಲಿನಲ್ಲಿ ಕಲಿಸುತ್ತಲೇ, ರಜೆಗಳಲ್ಲಿ ಕೆಲಗೇರಿ ಕೆರೆಯಿಂದ ಹಿಡಿದು ಸುತ್ತಲಿನ ಕೆರೆಗಳಿಗೆಲ್ಲ ಹೋಗಿ, ಅವುಗಳ ಹೆಸರು ಹೇಗೆ ಬಂತೆಂದು ಏಳು ವರ್ಷ ಕೇಳಿಕೊಂಡು ಬರೆದ ಪ್ರಬಂಧ. ಪರೀಕ್ಷಕರು ಬೇರೆ ಊರಿನವರು. ಆದ್ದರಿಂದ ಎಲ್ಲವೂ ಮನೆಯ ಕಂಪ್ಯೂಟರಿನಲ್ಲೇ, ಮಧ್ಯಾಹ್ನ ಮೂರಕ್ಕೆ. ಹನ್ನೆರಡೂವರೆಗೆ ನೋಡಿದರೆ ಇಂಟರ್ನೆಟ್ ಇಲ್ಲ. ವಿದ್ಯಾನಗರದ ನಮ್ಮ ಓಣಿಯಲ್ಲಿ ಮೊಬೈಲಿನ ಸಿಗ್ನಲ್ಲು ಬೇಕೆಂದರೆ ಮಾಳಿಗೆ ಹತ್ತಬೇಕು. ಮಾಳಿಗೆಯ ಮೇಲೆ ಮಳೆ.

ನಾನು ರೌಟರ್ ಆರಿಸಿದೆ, ಹಚ್ಚಿದೆ. ಅದು ಕಣ್ಣು ಬಿಡುವ ಮೊದಲೇ ಮತ್ತೆ ಆರಿಸಿದೆ. ಕಂಪ್ಯೂಟರಿನ ವೈರನ್ನು ಒಂದು ತೂತಿನಿಂದ ಕಿತ್ತು ಇನ್ನೊಂದಕ್ಕೆ ಚುಚ್ಚಿದೆ. ಕಂಪನಿಗೆ ಫೋನು ಮಾಡಲು ಮಾಳಿಗೆ ಹತ್ತಿ ತೊಯ್ಸಿಕೊಂಡು ಬಂದೆ. ನಾಳೆ ಬರುತ್ತೇವೆ ಎಂದರು. ಸುನಂದಾ ಪ್ರಬಂಧವನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಪುಟ ನೋಡುತ್ತ ಕುಳಿತಿದ್ದಳು. ಕೊನೆಗೆ ಅವಳೇ ಎದ್ದು ಹೋಗಿ ಪಕ್ಕದ ಮನೆಯ ಕಮಲಕ್ಕನವರನ್ನು ಕರೆದು ತಂದಳು.

ಕಮಲಕ್ಕನವರಿಗೆ ಅರವತ್ತೆಂಟು. ಟೆಲಿಫೋನ್ ಇಲಾಖೆಯಲ್ಲಿ, ಕೆಟ್ಟ ಲೈನುಗಳನ್ನು ಪರೀಕ್ಷಿಸುವ ವಿಭಾಗದಲ್ಲೇ ಸೇವೆ ಮುಗಿಸಿದವರು. ಛತ್ರಿ ಮಡಚಿಟ್ಟು ಮೊದಲು ಕುಳಿತರು. ಅದೇ ಕಂಪನಿಯ ಇಂಟರ್ನೆಟ್ ಅವರ ಮನೆಯಲ್ಲಿ ನೆಟ್ಟಗಿತ್ತು. ಹಾಗಾದರೆ ಓಣಿಯ ಲೈನಿಗೆ ಏನೂ ಆಗಿಲ್ಲ ಎಂದರು. ನಾನು ಕಿತ್ತ ವೈರುಗಳನ್ನು ನನ್ನ ಕೈಯಿಂದಲೇ ಮೊದಲಿನಂತೆ ಜೋಡಣೆ ಮಾಡಿಸಿದರು, ಒಂದಾದ ಮೇಲೆ ಒಂದು. ಆಮೇಲೆ ಒಂದು ಹಾಳೆ ಪ್ರಿಂಟ್ ಮಾಡಲು ಹೇಳಿದರು. ಈ ಹೊತ್ತಿನಲ್ಲಿ ಪ್ರಿಂಟೇ ಎಂದುಕೊಂಡೆ. ರೌಟರಿನ ಮೂಲಕವೇ ನಡೆಯುವ ಒಳಕೋಣೆಯ ಪ್ರಿಂಟರಿನಿಂದ ಹಾಳೆ ಬಂತು.

"ಮನ್ಯಾಗಿನ ಮಾತು ನಡದೈತ್ರಿ ಸರ್ರ. ಹೊರಗಿಂದು ನಿಂತೈತಿ," ಎಂದು, ರೌಟರಿನ ಕೆಂಪು ದೀಪ ತೋರಿಸಿದರು. ಬೆಳಗಿನಿಂದ ಈ ಖೋಲಿಯಲ್ಲಿ ಏನಾದರೂ ಬದಲಾಗಿದೆಯೇ ಎಂದು ಕೇಳಿದರು. ಏನೂ ಇಲ್ಲ ಎಂದೆ. ಸುನಂದಾ ನನ್ನನ್ನೇ ನೋಡಿದಳು.

ಒಪ್ಪಿಕೊಳ್ಳಲೇಬೇಕಾಯಿತು. ಪರೀಕ್ಷಕರಿಗೆ ಹೆಂಡತಿಯ ಬೆನ್ನ ಹಿಂದೆ ನಾಲ್ಕು ದಪ್ಪ ಪುಸ್ತಕ ಕಾಣಲಿ ಎಂದು, ಹನ್ನೆರಡರ ಸುಮಾರಿಗೆ ನನ್ನ ಪುಸ್ತಕದ ಕಪಾಟನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದೆ. ಕಮಲಕ್ಕ ಬಗ್ಗಿ ಹಿಂದೆ ಕೈಹಾಕಿದರು. ಹೊರಗಿನಿಂದ ಬರುವ ತೆಳ್ಳನೆಯ ವೈರು ಕಪಾಟಿಗೂ ಗೋಡೆಗೂ ನಡುವೆ ಮಡಚಿಕೊಂಡಿತ್ತು.

"ನಮ್ಮ ತಾಮ್ರದ ತಂತಿ ಮಡಚಿದ್ರೂ ಮಾತು ಹೋಗ್ತಿತ್ರಿ. ಇದು ಗಾಜಿನ ಎಳಿ. ಇದರಾಗ ಬೆಳಕು ಓಡತೈತಿ. ಹಿಂಗ ಮಡಚಿದ್ರ ಅಲ್ಲೇ ನಿಲ್ಲತೈತಿ."

ಇದನ್ನು ಅವರು ಯಾವ ತರಬೇತಿಯಲ್ಲೂ ಕಲಿತದ್ದಲ್ಲ. ತಮ್ಮ ಮನೆಗೆ ಇಂಟರ್ನೆಟ್ ಜೋಡಿಸಲು ಬಂದವನಿಗೆ ಚಹಾ ಕೊಟ್ಟು ಕೇಳಿಕೊಂಡದ್ದು. ನಮ್ಮ ಮನೆಗೂ ಅವನೇ ಬಂದಿದ್ದ. ನಾನು ಸಹಿ ಹಾಕಿ ಕಳಿಸಿದ್ದೆ. ಕಪಾಟು ಸರಿಸಿ ಎಳೆಯನ್ನು ಸಡಿಲ ಮಾಡಿದೆವು; ಪುಣ್ಯಕ್ಕೆ ಮುರಿದಿರಲಿಲ್ಲ. ಕೆಂಪು ಹೋಗಿ ಹಸಿರು ಬಂತು.

ಮೂರಕ್ಕೆ ಸುನಂದಾ ಬರಿಯ ಸುಣ್ಣದ ಗೋಡೆಯ ಮುಂದೆ ಕುಳಿತು, ಒಂದೂವರೆ ತಾಸು ಕೆರೆಗಳ ಬಗ್ಗೆ ಮಾತಾಡಿದಳು. ಕೊನೆಗೆ ಪರೀಕ್ಷಕರು ಅವಳನ್ನು ಡಾಕ್ಟರೇ ಎಂದು ಕರೆದದ್ದು ಅಡುಗೆಮನೆಯಲ್ಲಿದ್ದ ನಮಗಿಬ್ಬರಿಗೂ ಕೇಳಿಸಿತು. ಕಮಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಸಕ್ಕರೆ ಡಬ್ಬಿ ಹುಡುಕುವ ನೆವ ಮಾಡಿದೆ.

ತಪ್ಪನ್ನು ಅಷ್ಟು ಬೇಗ ಹೇಗೆ ಹುಡುಕಿದಿರಿ ಎಂದು ಆಮೇಲೆ ಕೇಳಿದೆ.

"ತಪ್ಪು ನಾ ಹುಡುಕಲಿಲ್ರಿ," ಎಂದರು. "ಯಾವ್ಯಾವುದು ಸರಿ ಐತಿ, ಅದನ್ನ ಒಂದೊಂದ ಬಾಜೂಕ ಇಡಕೋತ ಹೋದ್ನಿ."

ಈ ಪಾಠವನ್ನು ಅಭ್ಯಾಸ ಮಾಡುತ್ತಿದ್ದೇನೆ. ಮೊನ್ನೆ ಚಟ್ನಿ ಅರೆಯುವಾಗ ಮಿಕ್ಸರ್ ನಿಂತಿತು. ಸ್ಕ್ರೂಡ್ರೈವರ್ ಮುಟ್ಟದೆ, ಕೈಕಟ್ಟಿ ಕುಳಿತು, ಏನೇನು ಸರಿ ಇದೆಯೆಂದು ಒಂದೊಂದಾಗಿ ಎಣಿಸತೊಡಗಿದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಕರೆಂಟು ಬಂತು.